ಚಟ್ಟಿಯಲ್ಲೂ ಹೂ ಬಿಡುವ ಜಪಾನಿನ ಕುಳ್ಳ ಚೆರಿ
ಆರೈಕೆ ಸುಲಭ, ಆದರೆ ಚಳಿ ಬೇಕೇ ಬೇಕು

ಜಪಾನಿನ ಪೇಟೆಗಳಲ್ಲಿ ಅನೇಕ ಮನೆಗಳ ಅಂಗಳ ತೀರಾ ಸಣ್ಣದು. ಆದರೂ ವಸಂತದಲ್ಲಿ ಒಂದು ಚೆರಿ ಗಿಡ ಮನೆಯೆದುರೇ ಹೂ ಬಿಡಬೇಕು ಅಂತ ಅವರಿಗೆ ಆಸೆ. ಪಾರ್ಕುಗಳಲ್ಲಿ, ಹೊಳೆಬದಿಯಲ್ಲಿ ಸಾಲುಗಟ್ಟಿ ನಿಲ್ಲುವ ಹೆಸರಾಂತ ತಳಿ ಸೊಮೆಯ್ ಯೊಶಿನೊ ಇದಕ್ಕೆ ಆಗದು. ಅದು 10-15 ಮೀಟರ್ ಎತ್ತರಕ್ಕೆ ಹೋಗುವ ಮರ. ಗೆಲ್ಲುಗಳು ಪಕ್ಕದ ಮನೆಯ ಮಾಡಿಗೆ ಚಾಚುತ್ತವೆ. ಹಾಗಾಗಿ ಅಲ್ಲಿನವರು ಕುಳ್ಳ ತಳಿಗಳನ್ನು ನೆಚ್ಚಿಕೊಂಡಿದ್ದಾರೆ.

ಎರಡು ತಳಿಗಳು

ಚಟ್ಟಿಗೆ ಹೆಚ್ಚು ಬಳಕೆಯಲ್ಲಿರುವುದು ಅಸಾಹಿಯಾಮ. ಅರ್ಧ ಮೀಟರ್ ಬೆಳೆಯುವಷ್ಟರಲ್ಲಿ ನಸುಗೆಂಪು ಬಣ್ಣದ, ಹಲವು ಸುತ್ತು ಎಸಳಿನ ಹೂ ಬಿಡುತ್ತದೆ. ನೆಲದಲ್ಲಿ ನೆಡುವವರಿಗೆ ಕೊಜೊ ನೊ ಮಾಯ್. ಇದು ಫುಜಿ ಪರ್ವತದ ಆಸುಪಾಸಿನ ಕಾಡುಚೆರಿ ಮಾಮೆಝಾಕುರದ ಒಂದು ತಳಿ. ಗೆಲ್ಲುಗಳು ಅಂಕುಡೊಂಕು. ನಿಧಾನಕ್ಕೆ ಬೆಳೆದು ಆಳೆತ್ತರದ ಆಚೀಚೆ ನಿಲ್ಲುತ್ತದೆ. ಹೂ ಉದುರಿದ ಮೇಲೂ ಚಂದವೇ, ಶರತ್ಕಾಲದಲ್ಲಿ ಎಲೆ ಕೆಂಪಾಗುತ್ತದೆ.

ಬೀಜ ಹಾಕಿದರೆ ತಾಯಿಗುಣ ಸಿಗುವುದಿಲ್ಲ. ಆದ್ದರಿಂದ ತಳಿ ಉಳಿಸಲು ಕಸಿ ಕಟ್ಟುತ್ತಾರೆ ಅಥವಾ ಗೆಲ್ಲು ಊರಿ ಬೇರು ಬರಿಸುತ್ತಾರೆ. ಕಸಿಗಿಡವಾದರೆ ಕಸಿಗಂಟಿನ ಕೆಳಗಿನ ಚಿಗುರನ್ನು ಆಗಾಗ ಚಿವುಟಬೇಕು. ಬಿಟ್ಟರೆ ಅಡಿಗಿಡವೇ ಮೇಲುಗೈ ಸಾಧಿಸೀತು.

ನೀರು, ಗೊಬ್ಬರ

ಬಿಸಿಲು ಬೇಕು, ಬುಡದಲ್ಲಿ ನೀರು ನಿಲ್ಲಬಾರದು. ಮುಂದಿನ ವಸಂತದ ಹೂಮೊಗ್ಗು ಹುಟ್ಟುವುದು ಹಿಂದಿನ ಬೇಸಗೆಯಲ್ಲೇ, ಅಂದರೆ ಅಲ್ಲಿನ ಜುಲೈ-ಆಗಸ್ಟಿನಲ್ಲಿ. ಆಗ ಚಟ್ಟಿ ಒಣಗಿ ಎಲೆ ಉದುರಿದರೆ ಮರುವರ್ಷದ ಹೂವಿಗೆ ಪೆಟ್ಟು. ಹೂ ಮುಗಿದ ಕೂಡಲೇ ಕೊಡುವ ಗೊಬ್ಬರಕ್ಕೆ ಜಪಾನಿಗರು ‘ಕೃತಜ್ಞತೆಯ ಗೊಬ್ಬರ’ ಅನ್ನುತ್ತಾರೆ. ಹೂ ಕೊಟ್ಟು ದಣಿದ ಗಿಡಕ್ಕೆ ಸಲ್ಲಿಸುವ ಋಣ ಅದು. ಚಟ್ಟಿಯ ಗಿಡಕ್ಕೆ ಒಂದೆರಡು ವರ್ಷಕ್ಕೊಮ್ಮೆ ಮಣ್ಣು ಬದಲಾಯಿಸಬೇಕು.

ಕತ್ತಿ ಎಷ್ಟು?

‘ಚೆರಿ ಕಡಿಯುವವ ಮೂರ್ಖ, ಪ್ಲಮ್ ಕಡಿಯದವ ಮೂರ್ಖ’ ಎಂಬರ್ಥದ ಗಾದೆ ಅಲ್ಲಿದೆ. ಕಾರಣ ಇದೆ. ಚೆರಿಯ ಗಾಯ ಬೇಗ ಮಾಯುವುದಿಲ್ಲ, ಶಿಲೀಂಧ್ರ ಹೊಕ್ಕು ಕೊಳೆಯುತ್ತದೆ. ಆದ್ದರಿಂದ ಗೆಲ್ಲು ಎಳತಾಗಿರುವಾಗಲೇ ತೆಗೆಯುತ್ತಾರೆ, ದೊಡ್ಡ ಗಾಯಕ್ಕೆ ಮುಲಾಮು ಹಚ್ಚುತ್ತಾರೆ. ಚಟ್ಟಿಯ ಗಿಡವನ್ನು ಹೂ ಮುಗಿದ ಬೆನ್ನಿಗೇ ಸವರುತ್ತಾರೆ. ತಡವಾದರೆ ಮೊಗ್ಗಿಗೇ ಕತ್ತಿ ಬೀಳುತ್ತದೆ.

ಈ ಗಾದೆಯನ್ನು ಮೀರಿದ ರೈತರೂ ಇದ್ದಾರೆ. ಇಝು ಪರ್ಯಾಯ ದ್ವೀಪದ ಮಾತ್ಸುಝಾಕಿಯಲ್ಲಿ ಒಶಿಮ ಚೆರಿಯನ್ನು ಎಲೆಗಾಗಿ ಹೊಲದಲ್ಲಿ ಬೆಳೆಯುತ್ತಾರೆ. ವರ್ಷಾ ವರ್ಷಾ ಗಿಡ ಕಡಿದು ಕೈಗೆಟಕುವಂತೆ ಇಡುತ್ತಾರೆ. ಕೊಯ್ದ ಎಲೆಯನ್ನು ಕಟ್ಟುಕಟ್ಟಾಗಿ ದೊಡ್ಡ ಪೀಪಾಯಿಗಳಲ್ಲಿ ಉಪ್ಪಿಗೆ ಹಾಕಿ ತಿಂಗಳುಗಟ್ಟಲೆ ಇಡುತ್ತಾರೆ. ಪರಿಮಳ ಬರುವುದು ಆಮೇಲೆ. ಸಕುರಮೋಚಿ ಎಂಬ ಸಿಹಿತಿಂಡಿ ಸುತ್ತುವುದು ಈ ಎಲೆಯಲ್ಲೇ. ನಮ್ಮಲ್ಲಿ ಕಡುಬಿಗೆ ಅರಿಶಿನದೆಲೆ ಇದ್ದಂತೆ. ಹೂ ನೋಡಲು ಮಾತ್ರ ಎಂದುಕೊಂಡ ಮರದಿಂದ ಹುಟ್ಟುವಳಿ!

ರೋಗ, ಕೀಟ

ಒಂದೇ ಜಾಗದಲ್ಲಿ ಸಣ್ಣ ರೆಂಬೆಗಳು ಪೊರಕೆಯಂತೆ ಒತ್ತೊತ್ತಾಗಿ ಮೂಡಿದರೆ ಅದು ಶಿಲೀಂಧ್ರ ರೋಗ. ಚಳಿಗಾಲದಲ್ಲಿ ಆ ಗೆಲ್ಲನ್ನು ಬುಡದಿಂದ ಕಡಿದು ಸುಡುತ್ತಾರೆ. ಈಚಿನ ದೊಡ್ಡ ತಲೆನೋವು ಕೆಂಪು ಕುತ್ತಿಗೆಯ ಕಾಂಡಕೊರಕ ದುಂಬಿ. ಹೊರದೇಶದಿಂದ ಬಂದ ಇದು 2012ರಲ್ಲಿ ಐಚಿ ಪ್ರಾಂತದಲ್ಲಿ ಕಂಡುಬಂತು. ಮರಿಹುಳು ಚೆರಿ, ಪ್ಲಮ್, ಪೀಚ್ ಮರಗಳ ಒಳಗೆ ಕೊರೆಯುತ್ತದೆ. ಬುಡದಲ್ಲಿ ಬಿದ್ದ ಹುಡಿಯೇ ಸುಳಿವು. ಕಾಫಿಯ ಬಿಳಿ ಕಾಂಡಕೊರಕದ ಕುಟುಂಬದ್ದೇ ಕೀಟ. ಕಾಫಿ ಬೆಳೆಗಾರರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ನಮ್ಮಲ್ಲಿ ಆದೀತೇ?

ಸಣ್ಣ ರೈತರು ದುಡ್ಡು ಕೊಡುವ ಮೊದಲು ತಿಳಿಯಬೇಕಾದದ್ದು ಇಲ್ಲಿದೆ. ಮೊಗ್ಗು ಕಟ್ಟಿದ ಚೆರಿ ಶರತ್ಕಾಲದಲ್ಲಿ ನಿದ್ದೆಗೆ ಜಾರುತ್ತದೆ. ಆ ನಿದ್ದೆ ಮುರಿಯಲು ವಾರಗಟ್ಟಲೆ ಗಟ್ಟಿ ಚಳಿ ಬೇಕು, 5 ಡಿಗ್ರಿಯ ಆಸುಪಾಸಿನದ್ದು. ಆಮೇಲೆ ಬಿಸಿಲು ಏರಿದಾಗ ಹೂ. ಜಪಾನಿನಲ್ಲೇ ಚಟ್ಟಿಯನ್ನು ಚಳಿಗಾಲವಿಡೀ ಬೆಚ್ಚನೆಯ ಕೋಣೆಯಲ್ಲಿಟ್ಟರೆ ಹೂ ಸರಿಯಾಗಿ ಬರುವುದಿಲ್ಲ. ಹಾಗಿರುವಾಗ ಕರಾವಳಿಯಲ್ಲಾಗಲಿ ಬಯಲುಸೀಮೆಯಲ್ಲಾಗಲಿ ಆ ಚಳಿ ಎಲ್ಲಿಂದ ತರೋಣ? ಮಲೆನಾಡಿನಲ್ಲಿ ಕೆಲವು ರಾತ್ರಿ ಮೈ ನಡುಗಿದರೂ ಹಗಲು ಬಿಸಿಲು ಕಾಯುತ್ತದೆ. ನೆರಳುಬಲೆ, ಗೊಬ್ಬರ ಯಾವುದೂ ಚಳಿಗೆ ಬದಲಿಯಲ್ಲ.

ಹೆಸರಿನ ಗೊಂದಲ ಬೇರೆ ಇದೆ. ಬೆಂಗಳೂರಿನ ರಸ್ತೆಬದಿ ಗುಲಾಬಿ ಬಣ್ಣ ತುಂಬಿಕೊಳ್ಳುವ ಮರ ಟಬೂಬಿಯ, ಅಮೆರಿಕ ಖಂಡದ ಬಿಸಿನಾಡಿನದು. ಸಿಂಗಪುರ ಚೆರಿ ಎಂದು ಮಾರುವುದು ನಮ್ಮ ಗಸಗಸೆ ಹಣ್ಣಿನ ಮರ. ಬಾರ್ಬಡೋಸ್ ಚೆರಿಯೂ ಬೇರೆ ಕುಟುಂಬದ್ದು. ಇವು ಮೂರೂ ನಮ್ಮ ಸೆಕೆಗೆ ಒಗ್ಗುತ್ತವೆ. ಶಿಲ್ಲಾಂಗಿನಲ್ಲಿ ನವೆಂಬರಿನಲ್ಲಿ ಅರಳುವುದು ಮಾತ್ರ ನಿಜವಾದ ಚೆರಿ, ಹಿಮಾಲಯದ ಕಾಡುಜಾತಿ.

ಹಾಗಾಗಿ ‘ಸಕುರ ಕಸಿಗಿಡ’ ಎಂದು ಯಾರಾದರೂ ತಂದರೆ ತಳಿಯ ಹೆಸರು ಕೇಳಿ. ನಮ್ಮಷ್ಟೇ ಸೆಕೆಯ ಊರಿನಲ್ಲಿ ಅದು ಎರಡು ವರ್ಷ ಸತತ ಹೂ ಬಿಟ್ಟದ್ದನ್ನು ತೋರಿಸಲು ಹೇಳಿ. ಚಿತ್ರ ಸಾಲದು, ಗಿಡವನ್ನೇ ನೋಡಬೇಕು. ತೋರಿಸದಿದ್ದರೆ ಆ ದುಡ್ಡಿಗೆ ಒಂದು ಒಳ್ಳೆಯ ಕಸಿಮಾವು ತಂದು ನೆಡುವುದೇ ಲೇಸು.