ಬಂದರು ಸೇರಿದ ಮಂಜಿಯ ಲೆಕ್ಕ

ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳ ಸಂಚಾರ ಸೆಪ್ಟೆಂಬರ್ ಮಧ್ಯದಲ್ಲಿ ಆರಂಭವಾಗಿ ಮೇ ಮಧ್ಯದಲ್ಲಿ ನಿಲ್ಲುತ್ತದೆ. ಒಂದು ಕಾಲದಲ್ಲಿ ಗಾಳಿಯನ್ನೇ ನಂಬಿ ಸಾಗುತ್ತಿದ್ದ ಈ ಮರದ ನೌಕೆಗಳಿಗೆ ಇಂದು ಎಂಜಿನ್ ಇದ್ದರೂ ಕಡತಗಳಲ್ಲಿ ಇವು ‘ಯಂತ್ರಚಾಲಿತ ಹಾಯಿ ಹಡಗು’ಗಳೇ. ಕವರತ್ತಿಗೆ ನೇರ ಅಂತರ ಸುಮಾರು 350 ಕಿ.ಮೀ. ಸಿಮೆಂಟು, ಜಲ್ಲಿ, ತರಕಾರಿ, ದಿನಸಿ ಇಲ್ಲಿಂದ ಹೋಗುತ್ತವೆ. ಕೊಪ್ಪರಿಯಂತಹ ಸರಕು ಅಲ್ಲಿಂದ ಬರುತ್ತದೆ.

ಅಳಿವೆಬಾಗಿಲು ದಾಟಿ ಗುರುಪುರ ನದಿಯ ಧಕ್ಕೆಗೆ ಮಂಜಿ ಬಂದು ನಿಂತೊಡನೆ ಪಯಣ ಮುಗಿಯಿತೆಂದು ಮಾಲೀಕರು ಭಾವಿಸುವುದು ಸಹಜ. ಡೀಸೆಲ್, ತಂಡೇಲ ಮತ್ತು ಖಲಾಸಿಗಳ ಸಂಬಳ, ಹಮಾಲಿ ಹಾಗೂ ಬಂದರು ಶುಲ್ಕಗಳನ್ನು ಬಾಡಿಗೆಯಿಂದ ಕಳೆದು ಉಳಿದುದನ್ನು ಲಾಭವೆಂದು ಬರೆದುಕೊಳ್ಳುವ ವಾಡಿಕೆ ಉಂಟು. ದೋಷವಿರುವುದು ಇಲ್ಲಿಯೇ. ಲಂಗರು ಹಾಕಿದ ನಾಲ್ಕು ತಿಂಗಳಲ್ಲಿಯೂ ವೆಚ್ಚ ನಿಲ್ಲುವುದಿಲ್ಲ. ಹಲಗೆಗಳ ಸಂದು ತುಂಬಿಸಬೇಕು, ತಳಕ್ಕೆ ಬಣ್ಣ ಬಳಿಸಬೇಕು, ಎಂಜಿನ್ ಬಿಚ್ಚಿಸಬೇಕು, ಕಾವಲುಗಾರನನ್ನು ಇರಿಸಬೇಕು. ಸಾಲದ ಬಡ್ಡಿಗಂತೂ ಮಳೆಗಾಲದ ರಜೆಯಿಲ್ಲ.

ಕೇವಲ ಉದಾಹರಣೆಗಾಗಿ ಒಂದು ಲೆಕ್ಕವನ್ನು ಪರಿಶೀಲಿಸಬಹುದು. ಒಂದು ಮಂಜಿ ಋತುವಿನಲ್ಲಿ 16 ಪಯಣ ಮಾಡಿ, ಪ್ರತಿ ಪಯಣದಲ್ಲಿ ರೂ. 60,000 ಉಳಿಸಿತೆನ್ನೋಣ. ಒಟ್ಟು ರೂ. 9,60,000. ಮಳೆಗಾಲದ ದುರಸ್ತಿ, ಕಾವಲು, ಬಡ್ಡಿ ಇತ್ಯಾದಿ ರೂ. 7,20,000 ಆದರೆ ಪಯಣವೊಂದರ ಪಾಲು ರೂ. 45,000. ನಿಜವಾದ ಉಳಿತಾಯ ರೂ. 15,000 ಮಾತ್ರ, ಸವಕಳಿಯನ್ನು ಇನ್ನೂ ಕಳೆದಿಲ್ಲ. ಈ ಸ್ಥಿತಿಯಲ್ಲಿ ವರ್ತಕರ ಒತ್ತಾಯಕ್ಕೆ ಮಣಿದು ಪ್ರತಿ ಪಯಣದ ಬಾಡಿಗೆಯಲ್ಲಿ ರೂ. 20,000 ಬಿಟ್ಟುಕೊಟ್ಟ ಮಾಲೀಕರು ನಗದನ್ನು ಎಣಿಸುತ್ತಲೇ ನಷ್ಟದಲ್ಲಿರುತ್ತಾರೆ. ಮಾರ್ಚ್ 31ರ ಲಾಭ-ನಷ್ಟ ಪತ್ರದಲ್ಲಿ ಈ ಸಂಗತಿ ಹೇಗೂ ಹೊರಬೀಳುತ್ತದೆ. ಆದರೆ ಬಾಡಿಗೆ ನಿಶ್ಚಯವಾಗುವುದು ಸೆಪ್ಟೆಂಬರಿನಲ್ಲಿ!

ಸರಕು ಕಳುಹಿಸುವ ವರ್ತಕರಿಗೂ ಬಂದರಿನಲ್ಲಿ ತೀರಿಸಬೇಕಾದ ಬಾಕಿ ಬರಬಹುದು. ಬಿರುಗಾಳಿಯಲ್ಲಿ ನೌಕೆಯನ್ನು ಉಳಿಸಲು ತಂಡೇಲನು ಕೆಲವು ಮೂಟೆಗಳನ್ನು ಸಮುದ್ರಕ್ಕೆಸೆದರೆ, ಆ ನಷ್ಟವನ್ನು ನೌಕೆಯೂ ಎಲ್ಲ ಸರಕುದಾರರೂ ಮೌಲ್ಯಾನುಸಾರ ಹಂಚಿಕೊಳ್ಳಬೇಕಾಗುತ್ತದೆ. ಇದಕ್ಕೆ ಜನರಲ್ ಆವರೇಜ್ ಎಂದು ಹೆಸರು. ನೌಕೆ 30 ಲಕ್ಷ, ಸರಕು 10 ಲಕ್ಷ, ಎಸೆದ ಮಾಲು 2 ಲಕ್ಷವಾದರೆ ಹಂಚಿಕೆ ಶೇ. 5. ಮಾಲು ಕಳೆದುಕೊಂಡವರಿಗೂ ಇದರಲ್ಲಿ ಪಾಲಿದೆ. ನಾಲ್ಕು ಲಕ್ಷದ ಮಾಲು ಸುರಕ್ಷಿತವಾಗಿ ಇಳಿದ ವರ್ತಕರು ಕೂಡ ರೂ. 20,000 ತೆರಬೇಕು, ಅದಕ್ಕೆ ಭದ್ರತೆ ನೀಡುವವರೆಗೆ ಮಾಲು ಕೈಸೇರದಿರಬಹುದು.

ವಿಮೆಯಿದ್ದರೆ, ಪಾಲಿಸಿಯ ಷರತ್ತಿಗೊಳಪಟ್ಟು, ಈ ಪಾಲನ್ನು ವಿಮಾ ಸಂಸ್ಥೆಯಿಂದ ಪಡೆಯಬಹುದು. ಇಲ್ಲಿಯೂ ಒಂದು ಸೂಕ್ಷ್ಮವಿದೆ. 1963ರ ಸಾಗರ ವಿಮಾ ಕಾಯ್ದೆಯಂತೆ, ಭಿನ್ನವಾದ ರೂಢಿಯಿಲ್ಲದಿದ್ದಲ್ಲಿ, ಡೆಕ್ಕಿನ ಮೇಲೆ ಹೇರಿದ ಸರಕನ್ನೂ ಜೀವಂತ ಪ್ರಾಣಿಗಳನ್ನೂ ನಿರ್ದಿಷ್ಟವಾಗಿ ನಮೂದಿಸಿಯೇ ವಿಮೆ ಮಾಡಿಸಬೇಕು. ‘ಸರಕು’ ಎಂಬ ಸಾಮಾನ್ಯ ಪದ ಸಾಲದು. ಆದುದರಿಂದ ಮಾಲು ಒಡಲಲ್ಲಿದೆಯೋ ಡೆಕ್ಕಿನ ಮೇಲಿದೆಯೋ ಎಂಬುದನ್ನು ಮಂಜಿ ಧಕ್ಕೆ ಬಿಡುವ ಮೊದಲೇ ವಿಚಾರಿಸಿ, ರಸೀದಿಯಲ್ಲಿಯೂ ಪಾಲಿಸಿಯಲ್ಲಿಯೂ ಬರೆಸಿಕೊಳ್ಳತಕ್ಕದ್ದು.