ಗಾಜು ನಿಧಾನವಾಗಿ ಹರಿಯುವ ದ್ರವವೇ? ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ತೋರಿಸಿದ್ದೇ ಬೇರೆ

“ಗಾಜು ಘನವಸ್ತುವೇ ಅಲ್ಲ, ಬಹಳ ನಿಧಾನವಾಗಿ ಹರಿಯುವ ದ್ರವ. ಅದಕ್ಕೇ ಯುರೋಪಿನ ಹಳೆಯ ಚರ್ಚುಗಳ ಕಿಟಕಿ ಗಾಜು ಕೆಳಗಡೆ ದಪ್ಪಗಿರುತ್ತದೆ.” ಇಂಥದ್ದೊಂದು ಸಂದೇಶ ನಿಮ್ಮ ವಾಟ್ಸ್‌ಆ್ಯಪ್ ಗ್ರೂಪಿಗೂ ಬಂದಿರಬಹುದು. ಓದಲು ಸ್ವಾರಸ್ಯವಾಗಿದೆ. ಆದರೆ ಇದು ನಿಜವಲ್ಲ.

ಕಿಟಕಿ ಗಾಜು ದಪ್ಪಗಿರುವುದೇಕೆ?

ಹಿಂದೆ ಕಾದ ಗಾಜನ್ನು ಊದಿ, ತಿರುಗಿಸಿ, ಹರಡಿ ಹಾಳೆ ಮಾಡುತ್ತಿದ್ದರು. ಆ ಹಾಳೆ ಎಲ್ಲೆಡೆ ಒಂದೇ ದಪ್ಪ ಬರುತ್ತಿರಲಿಲ್ಲ. ದಪ್ಪ ಅಂಚು ಮೇಲ್ಗಡೆ ಇರುವ ಹಳೆಯ ಕಿಟಕಿಗಳೂ ಇವೆ. ಮಾಮೂಲಿ ತಾಪಮಾನದಲ್ಲಿ ಗಾಜು ಕಣ್ಣಿಗೆ ಕಾಣುವಷ್ಟು ಹರಿಯಲು ವಿಶ್ವದ ವಯಸ್ಸಿಗಿಂತಲೂ ಹೆಚ್ಚು ಕಾಲ ಬೇಕು ಎಂದು ಬ್ರೆಜಿಲ್‌ನ ವಿಜ್ಞಾನಿ ಎಡ್ಗರ್ ಝನೊಟ್ಟೊ 1998ರಲ್ಲಿ ಲೆಕ್ಕ ಹಾಕಿದರು.

ಹಾಗಾದರೆ ಗೊಂದಲ ಹುಟ್ಟಿದ್ದೆಲ್ಲಿ?

ಉಪ್ಪಿನ ಹರಳಿನೊಳಗೆ ಪರಮಾಣುಗಳು ರಂಗೋಲಿಯ ಚುಕ್ಕಿಗಳಂತೆ ಸಾಲಾಗಿರುತ್ತವೆ. ಗಾಜಿನಲ್ಲಿ ಈ ಸಾಲು ಇಲ್ಲ, ದ್ರವದಲ್ಲೂ ಇಲ್ಲ. ಇಷ್ಟಕ್ಕೇ ಎರಡೂ ಒಂದೇ ಎಂದುಕೊಂಡರೆ ತಪ್ಪಾಗುತ್ತದೆ. ದ್ರವದ ಕಣಗಳು ಸದಾ ಜಾಗ ಬದಲಿಸುತ್ತವೆ. ಗಾಜಿನ ಪರಮಾಣುಗಳು ಅಕ್ಕಪಕ್ಕದವುಗಳ ಜೊತೆ ಗಟ್ಟಿಯಾಗಿ ಬೆಸೆದುಕೊಂಡಿರುತ್ತವೆ. ಗಾಜಿನಲ್ಲಿ ನೆರೆಹೊರೆಯ ಮಟ್ಟದಲ್ಲಿ ಕ್ರಮವಿದೆ, ಆದರೆ ಅದೇ ವಿನ್ಯಾಸ ದೂರದವರೆಗೆ ಮರುಕಳಿಸುವುದಿಲ್ಲ ಎಂದು ಝಕಾರಿಯಾಸೆನ್ ಎಂಬ ವಿಜ್ಞಾನಿ 1932ರಲ್ಲೇ ಚಿತ್ರ ಬರೆದು ವಿವರಿಸಿದ್ದರು.

ಕಣ್ಣಾರೆ ಕಂಡಿದ್ದು 2012ರಲ್ಲಿ

ಪರಮಾಣು ಬೆಳಕಿನ ಅಲೆಗಿಂತ ಸಾವಿರಾರು ಪಟ್ಟು ಚಿಕ್ಕದು. ಹಾಗಾಗಿ ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಕಾಣದು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೆಳಕಿನ ಬದಲು ಎಲೆಕ್ಟ್ರಾನ್‌ಗಳನ್ನು ಹಾಯಿಸಿ ಚಿತ್ರ ಪಡೆಯುತ್ತದೆ. ಅಮೆರಿಕದ ಕಾರ್ನೆಲ್ ಮತ್ತು ಜರ್ಮನಿಯ ಉಲ್ಮ್ ವಿಶ್ವವಿದ್ಯಾಲಯಗಳ ತಂಡಕ್ಕೆ ಗ್ರಾಫೀನ್ ಎಂಬ ವಸ್ತುವಿನ ಮೇಲೆ ಕೊಳೆಯಂತಹ ಪದರವೊಂದು ಕಂಡಿತು. ಕುಲುಮೆಗೆ ಗಾಳಿ ಸೋರಿದ್ದರಿಂದ ಆಕಸ್ಮಿಕವಾಗಿ ಹುಟ್ಟಿದ ಅತಿ ತೆಳು ಗಾಜು ಅದು. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಸಿಲಿಕಾನ್ ಮತ್ತು ಆಮ್ಲಜನಕದ ಉಂಗುರಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡಿದ್ದವು. ಕೆಲವಕ್ಕೆ ಐದು ಮೂಲೆ, ಕೆಲವಕ್ಕೆ ಆರು, ಕೆಲವಕ್ಕೆ ಏಳು. 80 ವರ್ಷ ಹಿಂದಿನ ಆ ಚಿತ್ರಕ್ಕೂ ಇದಕ್ಕೂ ಬಹಳ ಹೋಲಿಕೆ ಇತ್ತು!

ಇದು ಒಂದು ತೆಳು ಪದರದ ಚಿತ್ರ. 2021ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕೇಂದ್ರದ ಜಿಯಾನ್‌ವೇ ಮಿಯಾವ್ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಗಾಜಿನಂತೆಯೇ ಸಾಲಿಲ್ಲದ ಲೋಹದ ಕಣವೊಂದನ್ನು ಹಲವು ಕೋನಗಳಿಂದ ಚಿತ್ರಿಸಿ, ಸುಮಾರು 18,000 ಪರಮಾಣುಗಳ ಸ್ಥಾನವನ್ನು ಮೂರು ಆಯಾಮಗಳಲ್ಲಿ ಗುರುತಿಸಿತು. ಅಲ್ಲೂ ಪರಮಾಣುಗಳ ಗುಂಪುಗಳಲ್ಲಿ ಅಲ್ಲಲ್ಲಿ ಕ್ರಮ ಸಿಕ್ಕಿತು.

ನಮಗೇನು ಉಪಯೋಗ?

ನೀವು ಈಗ ಬೆರಳಾಡಿಸುತ್ತಿರುವ ಫೋನಿನ ಪರದೆಯೂ ಇಂಥ ಗಾಜೇ. ಅದು ಎಷ್ಟು ಗಟ್ಟಿ, ಎಲ್ಲಿ ಬಿರುಕು ಬಿಡುತ್ತದೆ ಎಂದು ತಿಳಿಯಲು ಒಳಗಿನ ಜೋಡಣೆ ಗೊತ್ತಿರಬೇಕು. ಹಳೆಯ ಫೋನಿನ ಪರದೆ ಒಡೆಯಬಹುದು, ಗೀರು ಬೀಳಬಹುದು. ಆದರೆ ಕರಗಿ ಕೆಳಗಿಳಿಯುವುದಿಲ್ಲ. ಆ ಸಂದೇಶ ಮತ್ತೆ ಬಂದರೆ ಫಾರ್ವರ್ಡ್ ಮಾಡಬೇಡಿ. “ಗಾಜು ಘನವಸ್ತುವೇ, ಅದರ ಪರಮಾಣುಗಳು ಸಾಲಾಗಿ ನಿಂತಿಲ್ಲ ಅಷ್ಟೇ” ಎಂದು ಉತ್ತರಿಸಿ.