ಈ ಜೋಳದ ಬೇರಿನಿಂದ ತೊಟ್ಟಿಕ್ಕುವುದೇನು?

ನಿಮ್ಮ ಹೊಲದ ಮೆಕ್ಕೆಜೋಳ ಎಷ್ಟೆತ್ತರ ಬೆಳೆಯುತ್ತದೆ? ಏಳಡಿ? ಎಂಟಡಿ? ಹಾವೇರಿ, ದಾವಣಗೆರೆ ಸೀಮೆಯವರು ಅದಕ್ಕಿಂತ ಒಂದು ಗೇಣು ಜಾಸ್ತಿಯೇ ಹೇಳಿಯಾರು. ಸರಿ, ಇನ್ನೂ ಎತ್ತರದ್ದೊಂದು ಜೋಳ ಊಹಿಸಿ ನೋಡೋಣ.

ಹತ್ತಡಿ? ಸಾಲದು. ಹನ್ನೆರಡು? ಇನ್ನೂ ಮೇಲೆ ಹೋಗಿ!

16 ಅಡಿ! ದಂಟಿನ ಪಕ್ಕ ನಿಂತರೆ ತುದಿ ನೋಡಲು ಕತ್ತು ಪೂರ್ತಿ ಹಿಂದಕ್ಕೆ ಬಾಗಿಸಬೇಕು. ಬಿತ್ತಿದ ಮೇಲೆ ಕೊಯ್ಲಿಗೆ ಸುಮಾರು 8 ತಿಂಗಳು ಕಾಯಬೇಕು. ಆದರೆ ಎತ್ತರದ ಮಾತು ಇಲ್ಲಿಗೇ ಬಿಡಿ. ಅದೇನೂ ದೊಡ್ಡ ವಿಷಯವಲ್ಲ. ನಿಜವಾದ ಸೋಜಿಗ ಗಿಡದ ಸೊಂಟದಲ್ಲಿದೆ!

ಜಾಗ ಯಾವುದು ಗೊತ್ತೇ? ಮೆಕ್ಸಿಕೊ ದೇಶದ ವಹಾಕಾ ರಾಜ್ಯ, ಅಲ್ಲಿನ ಸಿಯೆರಾ ಮಿಹೆ ಬೆಟ್ಟಸಾಲು. ಮಿಹೆ ಜನ ಅಲ್ಲಿನ ಮೂಲನಿವಾಸಿಗಳು. ಅವರ ತೊತೊಂತೆಪೆಕ್ ಎಂಬ ಊರಿನ ಸುತ್ತಲಿನ ಹೊಲಗಳಲ್ಲಿ ಈ ಜೋಳ ನಿಂತಿದೆ. ಮಣ್ಣು ನೋಡಿದರೆ ತೀರಾ ಬಡಕಲು. ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ. ರಾಸಾಯನಿಕ ಗೊಬ್ಬರದ ಬಳಕೆಯೂ ಹಾಗೆಯೇ. ಆದರೂ ಗಿಡ 16 ಅಡಿ! ಹೇಗೆ?

ನೀವೇ ಹೇಳಿ ನೋಡೋಣ. ಕೊಟ್ಟಿಗೆ ಗೊಬ್ಬರವೇ? ಕೆರೆಯ ಗೋಡುಮಣ್ಣೇ? ಯಾವುದೂ ಅಲ್ಲ!

ಗಿಡವನ್ನು ಬುಡದಿಂದ ಮೇಲಕ್ಕೆ ನೋಡುತ್ತಾ ಬನ್ನಿ. ನಮ್ಮ ಮೆಕ್ಕೆಜೋಳದಲ್ಲೂ ನೆಲದ ಮೇಲಿನ ಒಂದೆರಡು ಗೆಣ್ಣುಗಳಿಂದ ಬೇರು ಹೊರಡುತ್ತವೆ, ಮಣ್ಣಿಗಿಳಿದು ದಂಟಿಗೆ ಊರುಗೋಲಾಗುತ್ತವೆ. ಇಲ್ಲಿ ಒಂದೆರಡಲ್ಲ, ಎಂಟು ಹತ್ತು ಗೆಣ್ಣುಗಳಲ್ಲಿ ಬೇರು! ಬೆರಳು ಗಾತ್ರದವು! ಎಷ್ಟೋ ಬೇರುಗಳು ನೆಲ ಮುಟ್ಟುವುದೇ ಇಲ್ಲ. ಗಾಳಿಯಲ್ಲೇ ಜೋತಾಡುತ್ತವೆ!

ಮಳೆ ಬರಲಿ. ಈಗ ನೋಡಿ! ಬೇರಿನ ತುದಿಗಳಿಂದ ಲೋಳೆ ಇಳಿಯುತ್ತದೆ. ಲೋಳೆಸರದ ಎಲೆ ಮುರಿದಾಗ ಒಸರುತ್ತದಲ್ಲ, ಅಂಥ ಹೊಳೆಯುವ, ದಪ್ಪನೆಯ, ಅಂಟಂಟು ಲೋಳೆ! ತೊಟ್ಟು ತೊಟ್ಟಾಗಿ ಇಳಿಬೀಳುತ್ತದೆ!

ಆ ಲೋಳೆಯೊಳಗೆ ಏನಿದೆ? ಸಕ್ಕರೆ. ಬಗೆಬಗೆಯ ಸಕ್ಕರೆ. ಅದನ್ನು ಉಂಡು ಬದುಕುವ ಬ್ಯಾಕ್ಟೀರಿಯಾಗಳೂ ಅಲ್ಲೇ ಇವೆ. ಉಂಡ ಋಣಕ್ಕೆ ಅವು ಗಿಡಕ್ಕೆ ಕೊಡುವುದೇನು? ತಡೆಯಿರಿ, ಅದಕ್ಕೆ ಮೊದಲು ಇನ್ನೊಂದು ಒಗಟು.

ನಾವು ಉಸಿರಾಡುವ ಗಾಳಿಯಲ್ಲಿ ಶೇ. 78ರಷ್ಟು ಸಾರಜನಕವೇ. ಆದರೆ ಗಿಡಗಳು ಅದನ್ನು ನೇರವಾಗಿ ಉಣ್ಣಲಾರವು. ಅವರೆ, ಅಲಸಂದೆ, ತೊಗರಿಯ ಬೇರುಗಂಟುಗಳಲ್ಲಿ ಬ್ಯಾಕ್ಟೀರಿಯಾ ಕೂತು ಅದನ್ನು ಗಿಡ ಉಣ್ಣುವಂತೆ ಮಾಡಿಕೊಡುತ್ತವೆ. ರಾಗಿಯ ನಡುವೆ ಅಕ್ಕಡಿ ಸಾಲು ಹಾಕುವ ನಮ್ಮ ರೈತರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಆದರೆ ಜೋಳಕ್ಕೆ ಬೇರುಗಂಟೇ ಇಲ್ಲ! ಜೋಳವೆಂದರೆ ಗೊಬ್ಬರಬಾಕ. ಅದಕ್ಕಾಗಿಯೇ ಮಳೆಗಾಲ ಬಂತೆಂದರೆ ಯೂರಿಯಾ ಅಂಗಡಿಯ ಮುಂದೆ ಅಷ್ಟುದ್ದದ ಸಾಲು. ಆ ಯೂರಿಯಾಕ್ಕೆ ಬೇಕಾದ ಅಮೋನಿಯಾ ತಯಾರಿಸಲು ಕಾರ್ಖಾನೆಯಲ್ಲಿ ಎಷ್ಟು ಶಾಖ ಬೇಕು? 400 ಡಿಗ್ರಿಗೂ ಮೇಲೆ! ಒತ್ತಡ? ನಮ್ಮ ಸುತ್ತಲಿನ ಗಾಳಿಗಿಂತ ನೂರಕ್ಕೂ ಹೆಚ್ಚು ಪಟ್ಟು!

ಮಿಹೆ ಜೋಳ ಅದೇ ಕೆಲಸವನ್ನು ಬೆಟ್ಟದ ತಂಪಿನಲ್ಲಿ, ಒಂದು ಹನಿ ಲೋಳೆಯೊಳಗೆ ಮುಗಿಸಿಬಿಡುತ್ತದೆ! ಹೌದು! ಲೋಳೆಯಲ್ಲಿನ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುತ್ತವೆ!

ಲೋಳೆಯೇ ಯಾಕೆ? ಇದಂತೂ ಅದ್ಭುತ. ಸಾರಜನಕ ಹಿಡಿಯುವ ಕಿಣ್ವಕ್ಕೆ ಆಮ್ಲಜನಕ ತಾಕಿದರೆ ಕೆಟ್ಟೇಹೋಗುತ್ತದೆ. ದಪ್ಪ ಲೋಳೆಯ ಒಳಭಾಗಕ್ಕೆ ಆಮ್ಲಜನಕ ಸರಿಯಾಗಿ ಇಳಿಯುವುದಿಲ್ಲ. ಬೇರುಗಂಟಿಲ್ಲದ ಗಿಡ ಬಯಲಲ್ಲೇ ಒಂದು ಮುಚ್ಚಿದ ಕೋಣೆ ಕಟ್ಟಿಕೊಂಡಿದೆ!

ಹಾಗಾದರೆ ಗಿಡಕ್ಕೆ ಬೇಕಾದ ಸಾರಜನಕದಲ್ಲಿ ಗಾಳಿಯ ಪಾಲು ಎಷ್ಟಿರಬಹುದು? ಶೇ. 5? ಶೇ. 10? ಧೈರ್ಯ ಮಾಡಿ ಇನ್ನಷ್ಟು ಹೇಳಿ!

ಶೇ. 29ರಿಂದ 82!

82! ಇದು ಯಾರೋ ಕಣ್ಣಂದಾಜಿನಲ್ಲಿ ಹೇಳಿದ ಲೆಕ್ಕವಲ್ಲ. ಕ್ಯಾಲಿಫೋರ್ನಿಯಾದ ಡೇವಿಸ್ ಮತ್ತು ವಿಸ್ಕಾನ್ಸಿನ್‌ನ ಮ್ಯಾಡಿಸನ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು, ಮಾರ್ಸ್ ಕಂಪನಿಯವರ ಜೊತೆ ಸೇರಿ, ವರ್ಷಗಟ್ಟಲೆ ಹೊಲದಲ್ಲೇ ಅಳೆದರು. ಗುರುತು ಹಚ್ಚಿದ ಸಾರಜನಕವನ್ನು ಲೋಳೆಗೆ ಬಿಟ್ಟು ಕಾದರು. ಅದು ಎಲ್ಲಿ ಸಿಕ್ಕಿತು ಹೇಳಿ? ಎಲೆಯ ಹಸಿರಿನಲ್ಲಿ! ಒಂದಲ್ಲ, ಹಲವು ವಿಧಾನಗಳಲ್ಲಿ ತಾಳೆ ನೋಡಿದ ಮೇಲೆಯೇ 2018ರ ಆಗಸ್ಟ್‌ನಲ್ಲಿ ಪ್ಲಾಸ್ ಬಯಾಲಜಿ ಪತ್ರಿಕೆಯಲ್ಲಿ ಪ್ರಕಟಿಸಿದರು.

ಆದರೆ ಇದನ್ನು 2018ರ ಸಂಶೋಧನೆ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ! ಮಿಹೆ ರೈತರು ತಲೆತಲಾಂತರದಿಂದ ತಮ್ಮ ತೆನೆಗಳಲ್ಲಿ ಒಳ್ಳೆಯದನ್ನು ಆರಿಸಿ, ಬೀಜಕ್ಕೆಂದು ಎತ್ತಿಟ್ಟು, ಮರುವರ್ಷ ಬಿತ್ತಿ, ಮತ್ತೆ ಆರಿಸಿ ಈ ಗಿಡವನ್ನು ಉಳಿಸಿಕೊಂಡು ಬಂದವರು. ಅವರು ಯಾವ ನೆಲದವರು ಗೊತ್ತೇ? ಅದೇ ವಹಾಕಾದ ಗಿಲಾ ನಾಕಿಟ್ಸ್ ಗುಹೆಯಲ್ಲಿ ಸುಮಾರು 6,250 ವರ್ಷ ಹಳೆಯ ಜೋಳದ ದಿಂಡುಗಳು ಸಿಕ್ಕಿವೆ! ನಮ್ಮ ಸಂತೆಯಲ್ಲಿ ಸುಟ್ಟು, ಉಪ್ಪು ಖಾರ ಸವರಿ ಕೊಡುತ್ತಾರಲ್ಲ, ಆ ತೆನೆಯ ವಂಶವೂ ಮೆಕ್ಸಿಕೊದಿಂದಲೇ ಬಂದದ್ದು!

ಇನ್ನೊಂದು ಸಂಗತಿ. ಬೀಜವನ್ನು ದೂರದ ವಿಸ್ಕಾನ್ಸಿನ್‌ಗೆ ಒಯ್ದು ಬಿತ್ತಿದಾಗಲೂ ಗಿಡ ಗಾಳಿಯಿಂದ ಸಾರಜನಕ ಹಿಡಿಯಿತು! ಅಂದರೆ ಇದು ಆ ಬೆಟ್ಟದ ಮಹಿಮೆಯಷ್ಟೇ ಅಲ್ಲ, ಬೀಜದೊಳಗಿನ ಗುಣ. ನಮ್ಮ ಹೈಬ್ರಿಡ್ ಜೋಳಕ್ಕೆ ಅದನ್ನು ತರಬಹುದೇ? ತರಬೇಕೆಂಬ ಆಸೆ ವಿಜ್ಞಾನಿಗಳಿಗಿದೆ. ಕೆಲಸ ಸುಲಭದ್ದಲ್ಲ. 8 ತಿಂಗಳ ಬೆಳೆಯ ಗುಣವನ್ನು ಮೂರು ನಾಲ್ಕು ತಿಂಗಳ ಬೆಳೆಗೆ ಇಳಿಸಬೇಕು.

ಲಾಭ ಬಂದರೆ ಯಾರಿಗೆ? ಸಂಶೋಧಕರು ಊರಿನವರೊಂದಿಗೆ ಲಾಭ ಹಂಚಿಕೆಯ ಒಪ್ಪಂದ ಮಾಡಿಕೊಂಡಿದ್ದಾರೆ, ಇಂಥ ಹಂಚಿಕೆಗೆಂದೇ ಇರುವ ಅಂತರರಾಷ್ಟ್ರೀಯ ನಗೋಯಾ ಒಡಂಬಡಿಕೆಯಡಿ ಪ್ರಮಾಣಪತ್ರವೂ ಸಿಕ್ಕಿದೆ. ಇದು ಕಾಗದದಲ್ಲೇ ಉಳಿಯಬಾರದು. ನಾಳೆ ಈ ಗುಣವಿರುವ ಬೀಜ ಚೀಲದಲ್ಲಿ ತುಂಬಿ ಮಾರಾಟಕ್ಕೆ ಬಂದರೆ, ಮೊದಲ ಪಾಲು ತೊತೊಂತೆಪೆಕ್‌ನ ರೈತರಿಗೇ ಸಲ್ಲಬೇಕು!